ಉಳಿತಾಯದ ಇಳಿಜಾರು

ನಮ್ಮ ತಂದೆಯವರು ಲೋಭಿಗಳಲ್ಲ. ಆದರೆ ಪೆಟ್ರೋಲಿನ ವಿಷಯದಲ್ಲಿ ಮಾತ್ರ ಅವರ ಕೈ ಬಹಳ ಬಿಗಿ. ಅವರ ಬಾಲ್ಯ ಎರಡನೆಯ ಮಹಾಯುದ್ಧದ ದಿನಗಳಲ್ಲಿ ಕಳೆದಿತ್ತು. ಪೆಟ್ರೋಲು ಪಡಿತರಕ್ಕೊಳಗಾಗಿ, ಬಸ್ಸುಗಳು ಬೆನ್ನಿಗೆ ಒಲೆಯನ್ನು ಕಟ್ಟಿಕೊಂಡು ಇದ್ದಿಲಿನ ಅನಿಲದ ಬಲದಿಂದ ಏದುಸಿರು ಬಿಡುತ್ತ ದಿಬ್ಬವೇರುತ್ತಿದ್ದುದನ್ನು ಅವರು ಕಣ್ಣಾರೆ ಕಂಡಿದ್ದರು. 1973ರಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದು ಬೆಲೆ ಮೇಲಕ್ಕೆ ಹಾರಿದಾಗ ಅವರ ಹಳೆಯ ಭಯ ಮತ್ತೆ ತಲೆಯೆತ್ತಿತು. ಅಂದಿನಿಂದ ನಮ್ಮ ಅಂಬಾಸಿಡರ್ ಮೋಟಾರಿನಲ್ಲಿ ಒಂದು ಸಣ್ಣ ಲೆಕ್ಕದ ಪುಸ್ತಕ ವಾಸಮಾಡತೊಡಗಿತು. ಹಾಕಿಸಿದ ಲೀಟರುಗಳೆಷ್ಟು, ಓಡಿದ ಕಿಲೋಮೀಟರುಗಳೆಷ್ಟು ಎಂಬುದೆಲ್ಲವೂ ಅದರಲ್ಲಿ ದಾಖಲಾಗುತ್ತಿತ್ತು. ನಾವು ಮಕ್ಕಳು ಅದಕ್ಕೆ 'ಚಿತ್ರಗುಪ್ತನ ಕಡತ'ವೆಂದು ಹೆಸರಿಟ್ಟಿದ್ದೆವು.

ಮಲೆನಾಡಿನ ರಸ್ತೆಯಲ್ಲಿ ಏರಿಳಿತಗಳಿಗೇನು ಕೊರತೆ? ಇಳಿಜಾರು ಬಂದೊಡನೆ ತಂದೆಯವರು ಗೇರನ್ನು ತಪ್ಪಿಸಿ, ಬೀಗದ ಕೈಯನ್ನು ತಿರುಗಿಸಿ, ಎಂಜಿನನ್ನು ನಿಲ್ಲಿಸಿಬಿಡುತ್ತಿದ್ದರು. ಗಾಡಿ ಸದ್ದಿಲ್ಲದೆ ಜಾರುವಾಗ ಅವರ ಮುಖದಲ್ಲಿ ಒಂದು ಬಗೆಯ ತೃಪ್ತಿ ಕಾಣುತ್ತಿತ್ತು. "ಇದು ದೇವರು ಕೊಟ್ಟ ಪುಕ್ಕಟೆ ಪೆಟ್ರೋಲು" ಎನ್ನುತ್ತಿದ್ದರು.

1984ರಲ್ಲಿ ಒಂದು ಮದುವೆಗೆಂದು ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟೆವು. ಹಿಂದೆ ತಾಯಿಯೂ ತಂಗಿಯೂ, ಮುಂದೆ ನಾನು. ಆಗುಂಬೆಯ ಘಾಟಿಯ ತಲೆಯಲ್ಲಿ ತಂದೆಯವರು ವಾಡಿಕೆಯಂತೆ ಎಂಜಿನನ್ನು ನಿಲ್ಲಿಸಿದರು. ಮೊದಲ ನಾಲ್ಕೈದು ತಿರುವುಗಳು ಸುಖವಾಗಿ ಕಳೆದವು. ಅನಂತರ ಏನೋ ಸುಟ್ಟ ವಾಸನೆ ಬಂದಿತು. ತಾಯಿಯವರು, "ಒಂದು ಗಳಿಗೆ ನಿಲ್ಲಿಸಬಾರದೆ?" ಎಂದರು. ನಿಲ್ಲಿಸುವುದಕ್ಕೆಂದೇ ತಂದೆಯವರು ಬ್ರೇಕನ್ನು ಒತ್ತಿದರು, ಗಾಡಿ ನಿಲ್ಲಲಿಲ್ಲ. ಅವರ ಕಾಲು ತಳದವರೆಗೆ ಹೋದುದನ್ನೂ, ಮುಂದಿನ ತಿರುವಿನಾಚೆ ಬರಿಯ ಆಕಾಶ ಕಂಡುದನ್ನೂ ನಾನು ಇಂದಿಗೂ ಮರೆತಿಲ್ಲ. ಅವರು ಬೀಗದ ಕೈ ತಿರುಗಿಸಿ, ಎರಡನೆಯ ಗೇರಿಗೆ ಹಾಕಿ, ಕೈಬ್ರೇಕನ್ನು ಎಳೆದರು. ಎಂಜಿನು ಅರಚಿತು, ಗಾಡಿ ನಿಧಾನವಾಗಿ, ಗುಡ್ಡದ ಬದಿಯ ಚರಂಡಿಗೆ ಒರಗಿ ನಿಂತಿತು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ.

ಬ್ರೇಕು ಆರಿದ ಮೇಲೆ ಮೊದಲನೆಯ ಗೇರಿನಲ್ಲಿಯೇ ಮೆಲ್ಲನೆ ಇಳಿದು ಹೆಬ್ರಿಯನ್ನು ಸೇರಿದೆವು. ಅಲ್ಲಿಯ ಮೇಸ್ತ್ರಿ ಜಾಕಿ ಕೊಟ್ಟು ಹಿಂದಿನ ಎಡಗಾಲಿಯನ್ನು ಕೈಯಿಂದ ತಿರುಗಿಸಲು ನೋಡಿದ, ಅದು ಕದಲಲಿಲ್ಲ. "ಸ್ವಾಮೀ, ಒಳಗೆ ತುಕ್ಕು ಹಿಡಿದು ಈ ಗಾಲಿಗೆ ಬ್ರೇಕು ಕಚ್ಚಿಕೊಂಡೇ ಇದೆ. ಇದು ಇಂದು ನಿನ್ನೆಯದಲ್ಲ. ನೀವು ಇಳಿಜಾರಿನಲ್ಲಿ ಉಳಿಸಿದ ಪೆಟ್ರೋಲನ್ನು ಇದು ಸಮನೆಲದಲ್ಲಿ ಕುಡಿಯುತ್ತಿತ್ತು" ಎಂದ. ಗಾಲಿಗಳ ಗಾಳಿಯೂ ಕಡಿಮೆಯಾಗಿತ್ತು. ತಂದೆಯವರು ತಲೆ ತಗ್ಗಿಸಿ ಕೇಳಿದರು. ಮುಂದಿನ ತಿಂಗಳ ಲೆಕ್ಕದಲ್ಲಿ, ಲೀಟರಿಗೆ 9 ಕಿಲೋಮೀಟರು ದಾಟದಿದ್ದ ಗಾಡಿ 10ನ್ನು ಮೀರಿತು. ಆ ಬಳಿಕ ಅವರು ಇಳಿಜಾರಿನಲ್ಲಿ ಎಂದೂ ಎಂಜಿನನ್ನು ನಿಲ್ಲಿಸಲಿಲ್ಲ.

ಈಗ ಗಾಡಿ ನಡೆಸುವವನು ನಾನು. ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚು ಕಡಿಮೆ ಕಾಲುಭಾಗ ಮಾತ್ರವೇ ಗಾಲಿಯನ್ನು ಮುಟ್ಟುತ್ತದೆ. ಮಿಕ್ಕುದು ಬಹುಮಟ್ಟಿಗೆ ಶಾಖವಾಗಿ ಹೋಗುತ್ತದೆ. ಇಷ್ಟು ಕಷ್ಟದಿಂದ ಬಂದ ಬಲವನ್ನು ಬ್ರೇಕಿಗೆ ಸುರಿಯುವುದು ಅವಿವೇಕವೇ ಸರಿ. ಆದುದರಿಂದ ದೂರದಲ್ಲಿ ಉಬ್ಬನ್ನಾಗಲಿ ದನದ ಹಿಂಡನ್ನಾಗಲಿ ಕಂಡೊಡನೆ ಕಾಲನ್ನು ಎತ್ತುತ್ತೇನೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಅವಸರದ ತೆರಿಗೆ ಅಷ್ಟು ಭಾರಿ. ಗಾಲಿಯ ಗಾಳಿಯನ್ನು ಹೊರಡುವ ಮೊದಲೇ, ಅದು ತಣ್ಣಗಿರುವಾಗ, ಅಳೆಯುತ್ತೇನೆ. ರೈಲ್ವೆ ಗೇಟಿನಲ್ಲಿ ಎಂಜಿನನ್ನು ನಿಲ್ಲಿಸುತ್ತೇನೆ. ತಂದೆಯವರ ಅಭ್ಯಾಸಕ್ಕೆ ತಕ್ಕ ಸ್ಥಳ ಅದು. ಇಂದಿನ ಗಾಡಿಗಳ ವಿಚಿತ್ರವೊಂದನ್ನು ಅವರು ಕೇಳಿದ್ದರೆ ಬೆರಗಾಗುತ್ತಿದ್ದರು: ಗೇರಿನಲ್ಲಿಯೇ ಇಳಿಯುತ್ತ ಕಾಲನ್ನೆತ್ತಿದರೆ ಯಂತ್ರವು ತಾನಾಗಿಯೇ ಪೆಟ್ರೋಲನ್ನು ನಿಲ್ಲಿಸಿಬಿಡುತ್ತದೆ, ಗೇರು ತಪ್ಪಿಸಿದರೆ ಎಂಜಿನು ಸುಮ್ಮನೆ ತಿರುಗುವುದಕ್ಕೂ ಪೆಟ್ರೋಲು ಬೇಕಾಗುತ್ತದೆ. ಕ್ಷೇಮವೂ ಉಳಿತಾಯವೂ ಕೊನೆಗೆ ಒಂದೇ ದಾರಿಗೆ ಬಂದಿವೆ.

ನಮ್ಮ ದೇಶ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. ಹೀಗಿರುವಾಗ ತಂದೆಯವರ ಕಾಳಜಿಯನ್ನು ಪಿಸುಣತನವೆಂದು ನಕ್ಕ ನಮ್ಮ ನಗೆಯೇ ಅಗ್ಗದ್ದು. ಅವರ ಉದ್ದೇಶ ತಪ್ಪಾಗಿರಲಿಲ್ಲ. ಕಣ್ಣಿಗೆ ಕಾಣುವ ಉಳಿತಾಯವನ್ನು ನಂಬಿ, ಕಾಣದ ಸೋರಿಕೆಯನ್ನು ಅವರು ಮರೆತಿದ್ದರು, ಅಷ್ಟೆ. ಅವರ ಪುಸ್ತಕ ಈಗ ನನ್ನ ಬಳಿಯಲ್ಲಿದೆ. ಆ ಮದುವೆಯ ದಿನದ ಪುಟದಲ್ಲಿ ಲೀಟರಿನ ಲೆಕ್ಕವಿಲ್ಲ. "ಎಲ್ಲರೂ ಕ್ಷೇಮ" ಎಂದು ಮಾತ್ರ ಬರೆದಿದೆ.