ಇಸ್ತಾಂಬುಲಿನಲ್ಲಿ ನೀವೊಬ್ಬರೇ

“ಒಬ್ಬಳೇ ಹೋಗುತ್ತೀಯಾ?” ಟಿಕೆಟು ಕೈಗೆ ಬಂದ ಮೇಲೂ ಮನೆಯಲ್ಲಿ ಈ ಪ್ರಶ್ನೆ ನಿಲ್ಲುವುದಿಲ್ಲ. ನಿಮ್ಮೊಳಗೂ ಅಳುಕಿದೆಯೇ ಸಹೋದರಿ? ಹಾಗಾದರೆ ಇಸ್ತಾಂಬುಲಿನಲ್ಲಿ ಮೊದಲು ಎಮಿನೋನು ಹಡಗುಕಟ್ಟೆಗೆ ಹೋಗಿ, ಉಸ್ಕುದಾರ್‌ನ ಹಡಗು ಹತ್ತಿ. ಯುರೋಪಿನಿಂದ ಏಷ್ಯಾಕ್ಕೆ ಸುಮಾರು 20 ನಿಮಿಷದ ದಾರಿ. ಪುಟ್ಟ ಗಾಜಿನ ಲೋಟದಲ್ಲಿ ಕಪ್ಪು ಚಹಾ ಸಿಗುತ್ತದೆ. ಹಾಲು ಹಾಕುವ ರೂಢಿ ಅಲ್ಲಿಲ್ಲ. ಕೈಯಲ್ಲಿ ಎಳ್ಳು ಮೆತ್ತಿದ ಸಿಮಿತ್ ಇದ್ದರೆ ಕಡಲಹಕ್ಕಿಗಳು ನಿಮ್ಮ ಜೊತೆಗಿರುತ್ತವೆ!

ಇಳಿದೊಡನೆ ಎದುರಿಗೇ ಒಂದು ಮಸೀದಿ. ಕಟ್ಟಿಸಿದ್ದು ಒಬ್ಬ ಮಹಿಳೆ, ಸುಲ್ತಾನ್ ಸುಲೈಮಾನರ ಮಗಳು ಮಿಹ್ರಿಮಾ; ಕೆಲಸ ಮುಗಿದದ್ದು 1548ರಲ್ಲಿ. ಮಹಿಳೆಯರ ಭಾಗದಲ್ಲಿ ನಮಾಝ್ ಮಾಡಿ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳಿ. ಪೇಟೆಗೆ ಹೋದ ದಿನ ನಮಾಝಿಗೆ ಜಾಗ ಹುಡುಕಿ ಬಸವಳಿಯುವ ನಮಗೆ ಇದೇನು ಸಣ್ಣ ಸಂಗತಿಯೇ? ಉಸ್ಕುದಾರ್‌ನಲ್ಲೇ 2009ರಲ್ಲಿ ತೆರೆದ ಶಾಕಿರಿನ್ ಮಸೀದಿಯೂ ಇದೆ. ಅದರ ಒಳಾಂಗಣ ವಿನ್ಯಾಸವೂ ಮಹಿಳೆಯದೇ.

ಒಂದು ಎಚ್ಚರಿಕೆ. ಸುಲ್ತಾನ್‌ಅಹ್ಮದ್ ಕಡೆ ತಾವಾಗಿಯೇ ಮಾತಿಗಿಳಿದು ಚಹಾಕ್ಕೆ ಕರೆಯುವವರಿದ್ದಾರೆ. ಅವರ ಹಿಂದೆ ಹೋದರೆ ಹೆಚ್ಚಾಗಿ ತಲುಪುವುದು ಜಮಖಾನೆಯ ಅಂಗಡಿಗೆ. ನಗುತ್ತಾ ಬೇಡವೆಂದು ಮುಂದೆ ನಡೆಯಿರಿ.

ಸಂಜೆ ಉಸ್ಕುದಾರ್‌ನ ದಡದಲ್ಲೇ ಕುಳಿತರೆ ನೀರಿನ ನಡುವೆ ಕನ್ಯೆಯ ಗೋಪುರ, ಅದರಾಚೆ ಮುಳುಗುವ ಸೂರ್ಯ. ಮನೆಗೆ ಫೋನು ಮಾಡಲು ಒಳ್ಳೆಯ ಹೊತ್ತು.