ಹೊಸ ಜಾಗದ ನಿದ್ದೆ

'ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಸಂತೆಯ ಗದ್ದಲವಿಲ್ಲದ, ಮೆತ್ತನೆಯ ಹಾಸಿಗೆಯಿರುವ ಕೋಣೆಯಲ್ಲಿ ಮಲಗಿದರೂ ಕೆಲವೊಮ್ಮೆ ನಿದ್ದೆ ಹತ್ತುವುದಿಲ್ಲ. ಅದಕ್ಕೆ ಚಿಂತೆಯೊಂದೇ ಕಾರಣವಲ್ಲ.

ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗನ ಕಥೆ ಇದು. ಬಿ.ಎಸ್ಸಿ. ಮುಗಿಸಿದ್ದ ಅವನು ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆಂದು ಬೆಂಗಳೂರಿಗೆ ಒಬ್ಬನೇ ಹೊರಟಿದ್ದ. ರಾತ್ರಿ ಬಸ್ಸಿನಲ್ಲಿ ಬಂದರೆ ನಿದ್ದೆಗೇಡು, ನೆಂಟರ ಮನೆಯಲ್ಲಿ ಮಾತಿಗೆ ಕೊನೆಯಿಲ್ಲ. 'ದುಡ್ಡು ಹೋದರೆ ಹೋಗಲಿ, ಮಗ ಚೆನ್ನಾಗಿ ಮಲಗೆದ್ದು ಪರೀಕ್ಷೆಗೆ ಹೋಗಲಿ' ಎಂದು ಅಪ್ಪ ಪರೀಕ್ಷಾ ಕೇಂದ್ರದ ಹತ್ತಿರವೇ ಒಂದು ಒಳ್ಳೆಯ ಹೋಟೆಲಿನಲ್ಲಿ ಕೋಣೆ ಗೊತ್ತುಮಾಡಿದ್ದರು.

ಕೋಣೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಬಿಳಿಯ ಹೊದಿಕೆ, ಎರಡೆರಡು ದಿಂಬು, ಏಸಿ, ನಲ್ಲಿ ತಿರುಗಿಸಿದರೆ ಬಿಸಿನೀರು. ಒಂಬತ್ತಕ್ಕೆ ಅಮ್ಮನ ಫೋನು ಬಂತು.

'ಊಟ ಆಯ್ತೇನೋ? ಚಿಲಕ ಹಾಕ್ಕೊಂಡ್ಯಾ?'

'ಹಾಕಿದೀನಮ್ಮ. ಕೋಣೆ ತುಂಬಾ ಚೆನ್ನಾಗಿದೆ.'

ಹತ್ತಕ್ಕೆ ದೀಪ ಆರಿಸಿದ. ನಿದ್ದೆ ಬರಲಿಲ್ಲ. ಲಿಫ್ಟ್ ನಿಂತ ಸದ್ದು, ಯಾರದೋ ಹೆಜ್ಜೆ, ಬಾಗಿಲ ಸಂದಿಯ ಬೆಳಕು, ಏಸಿಯ ಗುಂಯ್‌ಗುಟ್ಟುವಿಕೆ. ಮನೆಯಲ್ಲಿ ಹೆಂಚಿನ ಮೇಲೆ ಮಳೆ ಬಡಿಯುವಾಗಲೂ ಏಳದವನಿಗೆ ಇಲ್ಲಿ ಇವೆಲ್ಲ ಕಿವಿಯೊಳಗೇ ಕೂತಂತಾಯಿತು. ಹನ್ನೊಂದಾಯಿತು, ಹನ್ನೆರಡಾಯಿತು. ಆಗ ಹೊಸ ಭಯವೊಂದು ಶುರುವಾಯಿತು. ಅಪ್ಪ ಇಷ್ಟು ದುಡ್ಡು ಕೊಟ್ಟದ್ದೇ ನಿದ್ದೆಗಾಗಿ. ನಾಳೆ ತಲೆ ಓಡದಿದ್ದರೆ ಮನೆಗೆ ಹೋಗಿ ಏನು ಹೇಳುವುದು?

ಹುಡುಗನಿಗೆ ಗೊತ್ತಿಲ್ಲದ ಈ ಸಂಗತಿ ನಿದ್ದೆಯ ಬಗ್ಗೆ ಸಂಶೋಧನೆ ನಡೆಸುವವರಿಗೆ ಹಳೆಯದು. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದಾಗ, ಪ್ರಯೋಗಾಲಯದಲ್ಲಿ ಮಲಗಿದವರ ಮೊದಲ ದಿನದ ನಿದ್ದೆ ನಂತರದ ದಿನಗಳಿಗಿಂತ ಕಳಪೆಯಾಗಿರುವುದನ್ನು ಅಮೆರಿಕದ ವಿಜ್ಞಾನಿಗಳು 1966ರಲ್ಲೇ ವರದಿ ಮಾಡಿದ್ದರು. ಹೀಗೇಕೆ ಎಂಬುದರ ಸುಳಿವು ಸಿಕ್ಕಿದ್ದು 2016ರಲ್ಲಿ. ಬ್ರೌನ್ ವಿಶ್ವವಿದ್ಯಾಲಯದ ಮಸಾಕೊ ತಮಾಕಿ, ಯುಕಾ ಸಾಸಾಕಿ ಮತ್ತು ಸಂಗಡಿಗರು ಗಾಢ ನಿದ್ದೆಯ ನಿಧಾನ ಅಲೆಗಳನ್ನು ಅಳೆದು ನೋಡಿದರು. ಹೊಸ ಜಾಗದಲ್ಲಿ ಮಿದುಳಿನ ಬಲ ಅರ್ಧಗೋಳದಷ್ಟು ಆಳವಾಗಿ ಎಡ ಅರ್ಧಗೋಳ ನಿದ್ರಿಸುತ್ತಿರಲಿಲ್ಲ. ಬಲಗಿವಿಯ ಸದ್ದು ಮುಖ್ಯವಾಗಿ ಎಡ ಅರ್ಧಗೋಳಕ್ಕೆ ತಲಪುತ್ತದೆ. ಮಲಗಿದವರ ಬಲಗಿವಿಗೆ ಸಣ್ಣ ಸದ್ದು ಕೇಳಿಸಿದಾಗ ಅವರು ಹೆಚ್ಚು ಸಲ, ಬೇಗನೆ ಎಚ್ಚರಗೊಂಡರು. ಕೆಲವು ದಿನಗಳ ನಂತರ ಅದೇ ಜಾಗದಲ್ಲಿ ಮತ್ತೆ ಮಲಗಿಸಿದಾಗ ಈ ವ್ಯತ್ಯಾಸ ಕಾಣಲಿಲ್ಲ.

ಪ್ರಾಣಿಗಳಲ್ಲಿ ಇದು ಇನ್ನೂ ಸ್ಪಷ್ಟ. ಡಾಲ್ಫಿನ್ ಮಿದುಳಿನ ಒಂದು ಅರ್ಧವನ್ನು ಎಚ್ಚರವಾಗಿಟ್ಟುಕೊಂಡೇ ನಿದ್ರಿಸುತ್ತದೆ. ಸಾಲಾಗಿ ಮಲಗಿದ ಬಾತುಗಳಲ್ಲಿ ಅಂಚಿನ ಬಾತು ಹೊರಗಡೆಯ ಕಣ್ಣನ್ನು ತೆರೆದಿಟ್ಟು ಮಲಗುವುದನ್ನು 1999ರಲ್ಲಿ ವಿಜ್ಞಾನಿಗಳು ತೋರಿಸಿದರು. ನಡುವೆ ಮಲಗಿದ ಬಾತುಗಳಿಗೆ ಆ ಕೆಲಸ ಅಷ್ಟಾಗಿ ಇಲ್ಲ. ಅಂಚಿನವು ಕಾಯುತ್ತಿರುತ್ತವಲ್ಲ! ಮನುಷ್ಯನ ಎಚ್ಚರ ಅಷ್ಟು ತೀವ್ರವಾದುದಲ್ಲ; ಆದರೂ ಗುಣ ಅದೇ ಜಾತಿಯದು. ಹೋಟೆಲಿನ ಕೋಣೆಯಲ್ಲಿ ಒಬ್ಬನೇ ಮಲಗಿದ ಹುಡುಗ ಅಂದು ಅಂಚಿನ ಬಾತಾಗಿದ್ದ.

ಎರಡು ಗಂಟೆಯ ಹೊತ್ತಿಗೆ ಅವನಿಗೆ ಜೊಂಪು ಹತ್ತಿತು. ಅಲಾರಂ ಬಾರಿಸುವ ಮೊದಲೇ ಎದ್ದ. ಕಣ್ಣು ಉರಿಯುತ್ತಿತ್ತು, ಆದರೆ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಓದಿದ್ದೇನೂ ಓಡಿಹೋಗಿರಲಿಲ್ಲ. ಸಂಜೆ ಊರಿನ ಬಸ್ಸು ಹತ್ತಿದವನು ತುಮಕೂರು ದಾಟುವ ಮೊದಲೇ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದ. ಎಚ್ಚರವಿದ್ದಷ್ಟೂ ನಿದ್ದೆಯ ಒತ್ತಡ ಏರುತ್ತದೆ. ಮೆತ್ತನೆಯ ಹಾಸಿಗೆ ಕೊಡಲಾಗದ್ದನ್ನು ಅದು ಬಸ್ಸಿನ ಸೀಟಿನಲ್ಲೂ ಕೊಡುತ್ತದೆ.

ಪರೀಕ್ಷೆಗೋ ಸಂದರ್ಶನಕ್ಕೋ ಪರಊರಿಗೆ ಹೋಗುವ ಮಕ್ಕಳು ಇದನ್ನು ತಿಳಿದಿರಬೇಕು. ಸಾಧ್ಯವಾದರೆ ಒಂದು ದಿನ ಮುಂಚೆ ಹೋಗುವುದು ಒಳ್ಳೆಯದು. ಎರಡನೆಯ ರಾತ್ರಿ ಕೋಣೆ ಹಳೆಯದಾಗಿರುತ್ತದೆ. ಮನೆಯ ಹೊದಿಕೆಯೊಂದನ್ನು ಚೀಲದಲ್ಲಿ ಇಟ್ಟುಕೊಂಡರೆ ಭಾರವೇನಲ್ಲ. ಕೋಣೆಗೆ ಹೋದೊಡನೆ ಮೆಟ್ಟಿಲು ಎಲ್ಲಿದೆ, ಚಿಲಕ ಹೇಗಿದೆ ಎಂದು ನೋಡಿಕೊಂಡರೆ ಮನಸ್ಸಿಗೆ ಸಮಾಧಾನ. ಇಷ್ಟಾದರೂ ನಿದ್ದೆ ಬರಲಿಲ್ಲವೇ? ಗಡಿಯಾರ ನೋಡುತ್ತಾ ಹೆದರಬೇಕಾಗಿಲ್ಲ. ತಿಂಗಳುಗಟ್ಟಲೆ ಕಲಿತದ್ದನ್ನು ಒಂದು ರಾತ್ರಿ ಅಳಿಸುವುದಿಲ್ಲ. ತಿಂಗಳುಗಟ್ಟಲೆ ನಿದ್ದೆಗೆಟ್ಟು ಓದುವುದೇ ಹೆಚ್ಚು ನಷ್ಟ.

ತಂದೆತಾಯಂದಿರಿಗೂ ಒಂದು ಮಾತು. 'ಅಷ್ಟು ದುಡ್ಡು ಕೊಟ್ಟು ಕೋಣೆ ಹಿಡಿದದ್ದು, ನಿದ್ದೆ ಮಾಡಿದ್ಯೇನೋ?' ಎಂದು ಬೆಳಿಗ್ಗೆ ಕೇಳಬೇಡಿ. ಮನೆಯಲ್ಲಿ ಮಕ್ಕಳು ಮೈಮರೆತು ಮಲಗುವುದು ಹಾಸಿಗೆ ಮೆತ್ತಗಿರುವುದರಿಂದಲ್ಲ. ಪಕ್ಕದ ಕೋಣೆಯಲ್ಲಿ ನೀವಿರುತ್ತೀರಿ. ಕಾವಲಿನ ಕೆಲಸ ಅವರ ಪಾಲಿಗೆ ಇರುವುದಿಲ್ಲ.