ಮುಂದಿನ ಲೆನ್ಸಿಗೆ ಕಾಯುತ್ತಾ ಕೂತೆ...

ನಿಮ್ಮ ಮೆಚ್ಚಿನ ನಾಯಕನ ಮುಂದಿನ ಚಿತ್ರ ಯಾವುದು, ಮುಹೂರ್ತ ಯಾವಾಗ, ನಾಯಕಿ ಯಾರು ಅಂತ ನೀವು ತಲೆ ಕೆಡಿಸಿಕೊಳ್ಳುತ್ತೀರಿ ಅಲ್ಲವೇ? ನನಗೂ ಅಂಥದ್ದೇ ಒಂದು ಹುಚ್ಚು. ಆದರೆ ನನ್ನ ಹೀರೋ ಗಾಜಿನವನು! ಮುಂದಿನ ವರ್ಷ ಯಾವ ಕಂಪನಿ ಯಾವ ಲೆನ್ಸ್ ಬಿಡುತ್ತೆ, ಅದರ ತೂಕ ಎಷ್ಟು, ಎಷ್ಟು ಬೆಳಕು ಕುಡಿಯುತ್ತೆ... ಇದೇ ನನ್ನ ಹಗಲುಗನಸು.

ನಾನು ಒಂದು ತಾಲ್ಲೂಕು ಊರಿನಲ್ಲಿ ಮದುವೆ ವೀಡಿಯೋ ತೆಗೆಯುವವನು. ಈ ಹುಚ್ಚು ಹಿಡಿದದ್ದು ನಮ್ಮೂರ ಟಾಕೀಸಿನ ಗಾಂಧಿ ಕ್ಲಾಸಿನಲ್ಲಿ. ಎಲ್ಲರೂ ಪರದೆ ನೋಡ್ತಿದ್ರೆ ನಾನು ಹಿಂದೆ ತಿರುಗಿ, ಮೇಲಿನ ಕಿಂಡಿಯಿಂದ ಬರುವ ಬೆಳಕಿನ ಕೋಲನ್ನೇ ನೋಡ್ತಿದ್ದೆ. ಬೀಡಿ ಹೊಗೆಯಲ್ಲಿ ಅದು ಎಷ್ಟು ಚೆಂದ ಕಾಣೋದು ಗೊತ್ತೇ! ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಚಿತ್ರಕ್ಕೆ ಕನ್ನಡಿ ಹಿಡಿದು, ಹೊರಗಿನ ಬಿಸಿಲನ್ನೇ ಸ್ಟುಡಿಯೋ ಒಳಗೆ ತಿರುಗಿಸಿ ಅಂಥದ್ದೊಂದು ಬೆಳಕಿನ ಕೋಲು ಮಾಡಿದ್ದರು ಅಂತ ಆಮೇಲೆ ಓದಿದೆ. ಹುಚ್ಚು ನೆತ್ತಿಗೇರಿತು.

ಈಗ ಎಲ್ಲರ ಬಾಯಲ್ಲೂ ಮಿರರ್‌ಲೆಸ್ ಮಿರರ್‌ಲೆಸ್ ಅಂತಾರಲ್ಲ, ಏನದು? ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದೊಳಗೆ ಒಂದು ಕನ್ನಡಿ ಇತ್ತು. ಕ್ಲಿಕ್ ಅಂದಾಗ ಅದು ಮೇಲಕ್ಕೆ ಏಳಬೇಕು. ಏಳೋದಕ್ಕೆ ಜಾಗ ಬೇಕು. ಹಾಗಾಗಿ ಲೆನ್ಸ್ ದೂರ ಕೂರಬೇಕು. ನಿಕಾನ್ 1959ರಲ್ಲಿ ತಂದ ಎಫ್ ಮೌಂಟಿನಲ್ಲಿ ಆ ದೂರ 46.5 ಮಿ.ಮೀ. ಕನ್ನಡಿ ಕಿತ್ತೊಗೆದು 2018ರಲ್ಲಿ ಝಡ್ ಮೌಂಟ್ ತಂದಾಗ ಅದು ಬರೀ 16 ಮಿ.ಮೀ.! ಲೆನ್ಸ್ ಕೂರುವ ಬಾಯಿ 55 ಮಿ.ಮೀ. ಅಗಲವಾಯಿತು. ಮರುವರ್ಷವೇ 58 ಮಿ.ಮೀ.ನ ಎಫ್ 0.95 ಲೆನ್ಸ್ ಬಂತು. ತೂಕ 2 ಕೆ.ಜಿ., ಫೋಕಸ್ ಕೈಯಲ್ಲೇ ತಿರುಗಿಸಬೇಕು. ಎಫ್ ಪಕ್ಕದ ಸಂಖ್ಯೆ ಇಳಿದಷ್ಟೂ ಬೆಳಕು ಜಾಸ್ತಿ ಅಂತ ನೆನಪಿಟ್ಟುಕೊಳ್ಳಿ. 2.8ರಿಂದ 2ಕ್ಕೆ ಇಳಿದರೆ ಬೆಳಕು ದುಪ್ಪಟ್ಟು!

ಇದು ಹೊಸ ಹುಚ್ಚೇನಲ್ಲ ಸ್ವಾಮಿ. ಚಂದ್ರನ ಫೋಟೋಗಾಗಿ ನಾಸಾದವರಿಗೆಂದು ಝೈಸ್ ಕಂಪನಿ 50 ಮಿ.ಮೀ. ಎಫ್ 0.7 ಲೆನ್ಸುಗಳನ್ನು ಮಾಡಿತ್ತು. ಹತ್ತೇ ಹತ್ತು. ಅದರಲ್ಲಿ ಮೂರನ್ನು ಸ್ಟಾನ್ಲಿ ಕ್ಯೂಬ್ರಿಕ್ ಕೊಂಡ. ಅದರ ಹಿಂದಿನ ಗಾಜು ಫಿಲ್ಮಿನಿಂದ ಕೆಲವೇ ಮಿಲಿಮೀಟರ್ ದೂರದಲ್ಲಿ ಕೂರಬೇಕಿತ್ತು. ಅದಕ್ಕಾಗಿ ಮಿಚೆಲ್ ಕ್ಯಾಮೆರಾ ಒಂದನ್ನು ಕೊರೆಸಿ, ತಿದ್ದಿಸಿ, 1975ರ 'ಬ್ಯಾರಿ ಲಿಂಡನ್' ಚಿತ್ರದಲ್ಲಿ ಬರೀ ಮೇಣದ ಬತ್ತಿ ಬೆಳಕಿನಲ್ಲಿ ದೃಶ್ಯಗಳನ್ನು ತೆಗೆದ. ಛಾಯಾಗ್ರಾಹಕ ಜಾನ್ ಆಲ್ಕಾಟ್‌ಗೆ ಆಸ್ಕರ್ ಬಂತು!

ಹಾಗಾದ್ರೆ ಮುಂದೆ ಏನು ಬರುತ್ತೆ? ನನ್ನ ಜ್ಯೋತಿಷ್ಯ ಹೇಳ್ತೀನಿ, ಕೇಳಿ. ಕ್ಯಾನನ್ 2018ರಲ್ಲಿ 28-70ರ ಎಫ್ 2 ಝೂಮ್ ತಂದಾಗ ತೂಕ 1,430 ಗ್ರಾಂ. ಸೋನಿ 2024ರಲ್ಲಿ ಅದೇ ಅಳತೆಯದ್ದು ತಂದಾಗ 918 ಗ್ರಾಂ. ಆರು ವರ್ಷಕ್ಕೆ ಅರ್ಧ ಕೆ.ಜಿ. ಇಳಿಯಿತು! ಅದೇ 2024ರಲ್ಲಿ ಸಿಗ್ಮಾದವರು 28-45ರ ಎಫ್ 1.8 ತಂದರು. ಅಂದರೆ ಝೂಮ್ ಲೆನ್ಸುಗಳು ಇನ್ನೂ ಬೆಳಕು ಕುಡೀತಾವೆ, ಇನ್ನೂ ಹಗುರ ಆಗ್ತಾವೆ. ಗೆರೆ ಸೊಟ್ಟ ಬಂದರೆ ಕ್ಯಾಮೆರಾದೊಳಗಿನ ಕಂಪ್ಯೂಟರೇ ನೆಟ್ಟಗೆ ಮಾಡುತ್ತೆ. ಆದರೆ ಬಾರದ ಬೆಳಕನ್ನು ಯಾವ ಕಂಪ್ಯೂಟರ್ ತರುತ್ತೆ? ಅದಕ್ಕೇ ದೊಡ್ಡ ಕಂಪನಿಗಳ ಓಟವೆಲ್ಲ ಇನ್ನು ಬೆಳಕಿನ ಹಿಂದೆ. ಬೆಲೆ ಮಾತ್ರ ಕೇಳಬೇಡಿ, ಅದು ಇಳಿಯೋ ಜಾತಿ ಅಲ್ಲ!

ನನ್ನ ಆಸೆ ಇದ್ದದ್ದು 24-70ರ ಎಫ್ 2 ಮೇಲೆ. 28 ಬಂತು, 24 ಬಾರದೇ ಇರುತ್ಯೇ? ಚೀಟಿ ಎತ್ತಿದ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟು ಕಾದೆ. ಮನೆಯವಳು, "ತಾರಸಿ ಸೋರ್ತಿದೆ ಕಣ್ರೀ" ಅಂದ್ಲು. ಕೇಳಿಸಲಿಲ್ಲ.

ಆಗಲೇ ನಮ್ಮ ಟಾಕೀಸಿನ ಆಪರೇಟರ್ ಅಣ್ಣ ಸಿಕ್ಕಿದ್ದು. ಚಿಕ್ಕಂದಿನಲ್ಲಿ ನನ್ನನ್ನು ಕ್ಯಾಬಿನ್ನಿಗೆ ಬಿಟ್ಟುಕೊಂಡು, ಕಾರ್ಬನ್ ಕಡ್ಡಿ ಉರಿಯೋದನ್ನು ಕಪ್ಪು ಗಾಜಿನಲ್ಲಿ ತೋರಿಸಿದ ಪುಣ್ಯಾತ್ಮ. ಡಿಜಿಟಲ್ ಬಂದ ಮೇಲೆ ಹಳೇ ಪ್ರೊಜೆಕ್ಟರ್ ಮೂಲೆ ಸೇರಿತ್ತು. ಆದರೂ ಎಣ್ಣೆ ಹಾಕಿ ಒರೆಸಿ ಇಟ್ಟಿದ್ದ.

"ಲೋ ಮರಿ, ನನ್ನ ಹತ್ರ ಒಂದು ರೀಲು ಉಳಿದಿದೆ. ಮಿಷನ್ ಓಡಿಸ್ತೀನಿ, ಒಂದು ಸಲ ವೀಡಿಯೋ ತೆಗೀಲಾ? ಮೊಮ್ಮಕ್ಕಳಿಗೆ ತೋರಿಸ್ಬೇಕು."

"ತಡಿಯಣ್ಣ. ಕ್ಯಾಬಿನ್ನಲ್ಲಿ ಕತ್ತಲು. ನನ್ನ 2.8ಕ್ಕೆ ಚುಕ್ಕೆ ಚುಕ್ಕೆ ಬರುತ್ತೆ. ಹೊಸ ಲೆನ್ಸ್ ಬರ್ಲಿ, ಸಿನಿಮಾ ತರಾನೇ ತೆಗೀತೀನಿ!"

ಮೂರು ಸಲ ಕೇಳಿದ. ಮೂರು ಸಲವೂ ಅದೇ ಉತ್ತರ. ನಾಲ್ಕನೇ ಸಲ ಅವನು ಕೇಳಲಿಲ್ಲ.

2025ರ ಮಳೆಗಾಲಕ್ಕೆ ಮುಂಚೆ ಟಾಕೀಸು ಮಾರಾಟವಾಯಿತು. ನಾನು ಮೂರು ದಿನ ಒಂದು ಮದುವೆಗೆ ಹೋಗಿ ಬರೋ ಹೊತ್ತಿಗೆ ಜೆಸಿಬಿ ಬಂದು ಹೋಗಿತ್ತು. ಪ್ರೊಜೆಕ್ಟರನ್ನು ಗುಜರಿಯವರು ಕೆ.ಜಿ. ಲೆಕ್ಕದಲ್ಲಿ ತೂಗಿ ಒಯ್ದಿದ್ದರು. ಕಿಂಡಿ ಇದ್ದ ಜಾಗದಲ್ಲಿ ಆಕಾಶ ಕಾಣ್ತಿತ್ತು. ಛೇ! ಚುಕ್ಕೆ ಚುಕ್ಕೆಯಾದರೂ ಇರಲಿ ಅಂತ ತೆಗೆದಿದ್ದರೆ?

ಮುಖ ತೋರಿಸೋಕೆ ನಾಚಿಕೆಯಾಗಿ ಒಂದು ವಾರ ಅವನ ಬೀದಿಗೇ ಹೋಗಲಿಲ್ಲ. ಕೊನೆಗೆ ಅವನೇ ಬಂದ. ಟವೆಲ್ಲಿನ ಗಂಟು ಬಿಚ್ಚಿ ಪ್ರೊಜೆಕ್ಟರಿನ ಲೆನ್ಸನ್ನು ಮೇಜಿನ ಮೇಲಿಟ್ಟ. "ಇದೊಂದನ್ನ ಬಿಚ್ಚಿಕೊಂಡೆ ಕಣೋ. ನಿನಗೆ ಲೆನ್ಸ್ ಹುಚ್ಚು ಅಲ್ವಾ?" ಬೈದಿದ್ದರೂ ಇಷ್ಟು ನೋವಾಗ್ತಿರಲಿಲ್ಲ.

ಲೇತ್ ಅಂಗಡಿಯಲ್ಲಿ ಒಂದು ರಿಂಗ್ ಮಾಡಿಸಿ ಅದನ್ನು ನನ್ನ ಕ್ಯಾಮೆರಾಕ್ಕೆ ಕೂರಿಸಿದೆ. ಕನ್ನಡಿ ಹೋಗಿ ಜಾಗ ಉಳಿದಿದ್ದರಿಂದ ಸಲೀಸಾಗಿ ಕೂತಿತು. ಇದು ನನ್ನೊಬ್ಬನ ಹುಚ್ಚಲ್ಲ. 2023ರ 'ದಿ ಕ್ರಿಯೇಟರ್' ಎಂಬ ಹಾಲಿವುಡ್ ಚಿತ್ರವನ್ನು ಸೋನಿಯ ಪುಟ್ಟ ಎಫ್‌ಎಕ್ಸ್3 ಕ್ಯಾಮೆರಾಕ್ಕೆ ಹಳೇ ಕಾಲದ ಕೋವಾ ಲೆನ್ಸ್ ಹಾಕಿ ತೆಗೆದರು. ನನ್ನದಕ್ಕೆ ಅಪರ್ಚರ್ ಇಲ್ಲ, ಫೋಕಸ್ ರಿಂಗ್ ಇಲ್ಲ, ಮೂಲೆಗಳೆಲ್ಲ ಕಪ್ಪು. ಆದರೆ ನಡುವೆ ಕೂತ ಮುಖ ಇದೆಯಲ್ಲ, ಅದು ಕಾಣುತ್ತೆ.

ಅವನ ಮನೆಯ ಒಂದೇ ಬಲ್ಬಿನ ಬೆಳಕಿನಲ್ಲಿ ವೀಡಿಯೋ ತೆಗೆದೆ. ಮಿಷನ್ ಇಲ್ಲ, ರೀಲು ಇಲ್ಲ. ಬರೀ ಗಾಳಿಯಲ್ಲಿ ಕೈ ಆಡಿಸುತ್ತಾ, ಫಿಲ್ಮ್ ಎಲ್ಲಿಂದ ಇಳಿಸಬೇಕು, ಯಾವ ಹಲ್ಲಿಗೆ ಸಿಕ್ಕಿಸಬೇಕು, ಎಷ್ಟು ಸಡಿಲ ಬಿಡಬೇಕು ಅಂತ ಇಪ್ಪತ್ತು ನಿಮಿಷ ತೋರಿಸಿದ. ಬೆರಳು ಒಂದು ಸಲವೂ ತಪ್ಪಲಿಲ್ಲ.

ಚೀಟಿ ದುಡ್ಡಲ್ಲಿ ಈಗ ತಾರಸಿ ರಿಪೇರಿ ಆಗಿದೆ. 24-70ರ ಎಫ್ 2 ಬಂದರೆ ಬೇಡ ಅಂತೀಯಾ ಅಂತ ಕೇಳಿದ್ರೆ... ಸುಳ್ಳು ಯಾಕೆ ಹೇಳಲಿ, ಇನ್ನೊಂದು ಚೀಟಿ ಹಾಕ್ತೀನಿ! ಆದರೆ ಮಿತ್ರರೇ, ನಿಮ್ಮೂರಲ್ಲಿ ಒಂದು ಹಳೇ ಟಾಕೀಸು ಇನ್ನೂ ನಿಂತಿದ್ದರೆ, ಜೇಬಿನಲ್ಲಿರೋ ಮೊಬೈಲನ್ನೇ ಹಿಡಿದು ಈ ಭಾನುವಾರ ಹೋಗಿ. ಲೆನ್ಸ್ ಮುಂದಿನ ವರ್ಷವೂ ಬರುತ್ತೆ.